ದಿನಕ್ಕೊಂದು ಬಸ್ಸಿನ ಊರು

ಬೀದಿಯಲ್ಲಿ ಅವನನ್ನು ಎಲ್ಲರೂ ಬಾಟಲಿಯಣ್ಣ ಎಂದೇ ಕರೆಯುತ್ತಿದ್ದರು. ಹೊಸದಾಗಿ ಬಾಡಿಗೆಗೆ ಬಂದವರು ಆ ಹೆಸರು ಕೇಳಿ, ಕುಡುಕನಿರಬೇಕು ಎಂದುಕೊಂಡು ಅವನ ಹೆಂಡತಿಯನ್ನು ಕನಿಕರದಿಂದ ನೋಡುತ್ತಿದ್ದರು. ಅವನೋ ಚಹಾ ಬಿಟ್ಟು ಇನ್ನೇನನ್ನೂ ಮುಟ್ಟಿದವನಲ್ಲ. ನಗರಸಭೆಯ ಒಳಚರಂಡಿ ವಿಭಾಗದಲ್ಲಿ ಇಪ್ಪತ್ತಾರು ವರ್ಷ ದುಡಿದ ಮೇಲೆ, ಕಳೆದ ನಾಲ್ಕು ವರ್ಷದಿಂದ ಅವನಿಗೆ ಬೇರೆಯದೇ ಕೆಲಸ ಕೊಟ್ಟಿದ್ದರು. ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ಆರು ಚೇಂಬರುಗಳ ಮುಚ್ಚಳವನ್ನು ಕಬ್ಬಿಣದ ಕೊಕ್ಕೆಯಿಂದ ಎತ್ತಬೇಕು. ಹಗ್ಗಕ್ಕೆ ಕಟ್ಟಿದ ಡಬ್ಬಿ ಇಳಿಬಿಟ್ಟು ಹರಿಯುವ ಕೊಳಚೆ ನೀರನ್ನು ಮೊಗೆದು ಬಾಟಲಿಗೆ ತುಂಬಬೇಕು. ಚೀಟಿ ಅಂಟಿಸಿ, ಐಸ್ ಪೆಟ್ಟಿಗೆಯಲ್ಲಿಟ್ಟು, ಹತ್ತು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಬೇಕು. ದೂರದ ಬಸ್ಸುಗಳ ನಿಲ್ದಾಣದ್ದೊಂದು, ವಿಮಾನ ನಿಲ್ದಾಣದ್ದೊಂದು, ದೊಡ್ಡಾಸ್ಪತ್ರೆಯದೊಂದು, ಉಳಿದ ಮೂರು ಊರೊಳಗಿನ ಪಂಪ್‌ಹೌಸುಗಳವು. ಆ ನೀರಿನಲ್ಲಿ ಯಾವ ವೈರಸ್ಸಿದೆ, ಅದು ಹಳೆಯದೋ ರೂಪ ಬದಲಿಸಿಕೊಂಡು ಬಂದ ಹೊಸ ತಳಿಯೋ ಎಂಬುದನ್ನು ಲ್ಯಾಬಿನವರು ಓದಿ ಹೇಳುತ್ತಿದ್ದರು. ಜನ ಕೆಮ್ಮುವುದಕ್ಕೆ ಮೊದಲೇ ಚರಂಡಿ ಹೇಳಿಬಿಡುತ್ತದೆ ಎಂದು ಅವನು ಹೆಮ್ಮೆಯಿಂದ ಶುರುಮಾಡಿದರೆ, ಊಟದ ಹೊತ್ತಿನಲ್ಲಿ ನಿಮಗೆ ಬೇರೆ ಮಾತೇ ಸಿಗುವುದಿಲ್ಲವೇ ಎಂದು ಹೆಂಡತಿ ತಡೆಯುತ್ತಿದ್ದಳು.

ಮನೆ ಎಂದರೆ ಎರಡು ಕೋಣೆ, ಒಂದು ಅಡುಗೆಮನೆ. ಮುಂದಿನ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರ, ಅದರ ಸುತ್ತ ಶಾಲಾ ಸಮವಸ್ತ್ರದ ಕಾಲರು, ತೋಳುಗಳ ರಾಶಿ. ಹಿಂದಿನ ಕೋಣೆ ಅವನ ತಾಯಿಯದು. ಹತ್ತಿ ಗಿರಣಿಯಲ್ಲಿ ಮೂವತ್ತು ವರ್ಷ ಧೂಳು ಕುಡಿದ ಮುದುಕಿ. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಇದ್ದ ಒಬ್ಬನೇ ಮಗ ಎಂಟು ತಿಂಗಳು ಕೆಲಸವಿಲ್ಲದೆ ಬೀದಿ ಅಳೆದು, ಈಗ ಎರಡು ತಿಂಗಳಿಂದ ಬಂದರು ಪಟ್ಟಣಕ್ಕೆ ಹೋಗುವ ಬಸ್ಸಿಗೆ ಡ್ರೈವರಾಗಿದ್ದ. ಎರಡು ದಿನ ದಾರಿಯಲ್ಲಿ, ಒಂದು ದಿನ ಮನೆಯಲ್ಲಿ. ಮನೆಯಲ್ಲಿದ್ದ ದಿನ ಅಜ್ಜಿಯ ಮಂಚದ ತುದಿಗೆ ಕೂತು ಅವಳ ಮೊಣಕಾಲಿಗೆ ಮುಲಾಮು ತಿಕ್ಕುತ್ತ, ದಾರಿಯಲ್ಲಿ ಕಂಡದ್ದನ್ನೆಲ್ಲ ಉಪ್ಪುಖಾರ ಹಚ್ಚಿ ಹೇಳಿ ನಗಿಸುತ್ತಿದ್ದ. ಮುದುಕಿ ನಗಲು ಹೋಗಿ ಕೆಮ್ಮುತ್ತಿದ್ದಳು, ಕೆಮ್ಮು ನಿಂತ ಮೇಲೆ ಮತ್ತೆ ನಗುತ್ತಿದ್ದಳು.

ಚಳಿ ಶುರುವಾಗುವ ಹೊತ್ತಿಗೆ ಒಂದು ಗುರುವಾರ, ಪೆಟ್ಟಿಗೆ ಇಳಿಸಿ ಸಹಿಗಾಗಿ ಕಾದು ನಿಂತಿದ್ದ ಬಾಟಲಿಯಣ್ಣನನ್ನು ಲ್ಯಾಬ್ ಮೇಡಂ ಒಳಗೆ ಕರೆದರು. ಮೂವತ್ತರ ಆಸುಪಾಸಿನ ಹೆಂಗಸು. ಚರಂಡಿಯವನೆಂದು ಅವನನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದವರಲ್ಲ. ಕಂಪ್ಯೂಟರಿನಲ್ಲಿ ಒಂದು ನಕ್ಷೆ ತೆಗೆದು ತೋರಿಸಿದರು. ಹಿಂದಿನ ವಾರದ ಬಸ್ ನಿಲ್ದಾಣದ ಬಾಟಲಿಯಲ್ಲಿ ಹೊಸ ತಳಿಯೊಂದು ಸಿಕ್ಕಿತ್ತು. ಮೂರು ವಾರದ ಕೆಳಗೆ ಅದು ಬಂದರು ಪಟ್ಟಣದಲ್ಲಿ ಮಾತ್ರ ಇತ್ತು. ಆಮೇಲೆ ಹೆದ್ದಾರಿಯ ಮೇಲಿನ ಎರಡು ಪೇಟೆಗಳಲ್ಲಿ ಕಂಡಿತು, ಬಸ್ಸುಗಳು ಊಟಕ್ಕೆ ನಿಲ್ಲುವ ಜಾಗ. ಈಗ ಇಲ್ಲಿ. ವಿಮಾನ ನಿಲ್ದಾಣದ್ದೂ ಸೇರಿ ಉಳಿದ ಐದು ಬಾಟಲಿಗಳಲ್ಲಿ ಅದರ ಸುಳಿವಿಲ್ಲ.

"ಟಿಕೆಟ್ ತಗೊಂಡು ಬಂದಿದೆ ನೋಡಿ" ಎಂದರು ಮೇಡಂ. "ಹಳೇದಕ್ಕಿಂತ ಬೇಗ ಹರಡುತ್ತೆ. ಶ್ವಾಸಕೋಶ ಸರಿ ಇಲ್ಲದವರಿಗೆ, ಸಕ್ಕರೆ ಕಾಯಿಲೆ ಇರೋರಿಗೆ ಒಳ್ಳೇದಲ್ಲ."

"ಮೇಲಿನವರಿಗೆ ಹೇಳಿದ್ರಾ, ಮೇಡಂ?"

"ಬರೆದಿದ್ದೀನಿ. ರಜೆ ಕಾಲ ಮುಗೀಲಿ ಅಂತಾರೆ. ಜನ ಓಡಾಡೋ ಸಮಯ, ಈಗ ಹೇಳಿ ಗಾಬರಿ ಮಾಡೋದು ಬೇಡವಂತೆ." ಸಹಿ ಹಾಕಿದ ಚೀಟಿ ಕೊಡುತ್ತ, ಇದು ಹೊರಗೆ ಹೋಗುವುದು ಬೇಡ ಎಂದು ಸೇರಿಸಿದರು.

ಹೊರಗೆ ಅವನು ಯಾರಿಗೂ ಹೇಳಲಿಲ್ಲ. ಮನೆಯೊಳಗೆ ಬಾಯಿ ಕಟ್ಟಿಕೊಂಡು ಕೂರುವುದು ಹೇಗೆ? ಸಂಜೆ ನಾಲ್ವರೂ ಊಟಕ್ಕೆ ಕೂತಾಗ ಎಲ್ಲವನ್ನೂ ಹೇಳಿ, ಈ ರೂಟು ಬಿಡು, ಒಂದೆರಡು ತಿಂಗಳು ಊರೊಳಗೇ ಏನಾದರೂ ನೋಡಿಕೋ ಎಂದು ಮಗನಿಗೆ ಹೇಳಿದ. ಮಗ ತುತ್ತು ಕೈಯಲ್ಲಿ ಹಿಡಿದವನು ಹಾಗೇ ಅವನ ಮುಖ ನೋಡಿದ.

"ನಲವತ್ತೆರಡು ಸೀಟಿನ ಬಸ್ಸು ಅಪ್ಪ. ನಾನು ಇಳಿದ್ರೆ ಬಸ್ಸೇನು ನಿಲ್ಲುತ್ತಾ? ಇನ್ನೊಬ್ಬ ಹತ್ತಿ ಓಡಿಸ್ತಾನೆ. ಬರೋದು ಬಂದೇ ಬರುತ್ತೆ, ನಾನು ಮಾತ್ರ ಮತ್ತೆ ಮನೇಲಿ ಬಿದ್ದಿರ್ತೀನಿ."

"ಅಜ್ಜಿ ಎದೆ ಹೇಗಿದೆ ಅಂತ ನಿನಗೆ ಗೊತ್ತಿಲ್ವಾ?"

"ಎಂಟು ತಿಂಗಳು ಅನ್ನ ದಂಡ ಅಂತ ಅಂದೋನು ನೀನೇ. ಈಗ ದುಡಿಯೋದೂ ತಪ್ಪಾ?"

ಅಷ್ಟಾದ ಮೇಲೆ ದನಿ ಏರಿತು. ಹೆಂಡತಿ ಇಬ್ಬರನ್ನೂ ಸುಮ್ಮನಿರಿಸಲು ನೋಡಿ ಸೋತು ಎದ್ದು ಒಳಗೆ ಹೋದಳು. ಕೊನೆಗೆ ಬಾಟಲಿಯಣ್ಣ ಒಂದು ಕಟ್ಟಳೆ ಮಾಡಿದ: ಮಗ ಇನ್ನು ಮುಂದೆ ಮುಂದಿನ ಕೋಣೆಯಲ್ಲೇ ಇರಬೇಕು, ಅವನ ತಟ್ಟೆ ಲೋಟ ಬೇರೆ, ಅಜ್ಜಿಯ ಕೋಣೆಯ ಹೊಸಿಲು ದಾಟುವ ಹಾಗಿಲ್ಲ. ಮಗ ಕೈ ತೊಳೆದು ಹೊರಗೆ ಹೋದ. ಮುದುಕಿ ಮಾತ್ರ, ಮೊಮ್ಮಗನಿಗೆ ಬೇರೆ ತಟ್ಟೆ ಇಡುವ ಮನೆಯಲ್ಲಿ ತನಗೂ ಬೇರೆ ತಟ್ಟೆಯನ್ನೇ ಇಡಿ ಎಂದು ಮುಖ ತಿರುಗಿಸಿದಳು.

ಎರಡನೆಯ ವಾರ ಬಸ್ ನಿಲ್ದಾಣದ ಪಕ್ಕದ ಪಂಪ್‌ಹೌಸಿನ ಬಾಟಲಿಯಲ್ಲೂ ಹೊಸದು ಸಿಕ್ಕಿತು. ಮೂರನೆಯ ವಾರ ಆಸ್ಪತ್ರೆಯದರಲ್ಲಿ. ಅವನು ಮೊಗೆದು ತಂದ ನೀರಿನಲ್ಲೇ ಅದು ಹೆಜ್ಜೆ ಹೆಜ್ಜೆಯಾಗಿ ಊರೊಳಗೆ ನಡೆದು ಬರುತ್ತಿತ್ತು. ಬೀದಿಯಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಪೆಟ್ಟಿಗೆ ಹಿಡಿದವರು, ಮಕ್ಕಳ ಕೈ ಹಿಡಿದವರು ರಜೆಗೆಂದು ಬಸ್ಸು ಇಳಿಯುತ್ತಿದ್ದರು, ಹತ್ತುತ್ತಿದ್ದರು. ಸೋಮವಾರ ಮಾದರಿ ತೆಗೆದ ಮೇಲೆ ಎಂದಿನಂತೆ ಅವನು ನಿಲ್ದಾಣದ ಸಿಬ್ಬಂದಿ ಕೋಣೆಗೆ ಹೋಗಿ, ಬಸ್ಸು ತೊಳೆಯುವ ಹೆಂಗಸರು ಕಾಯಿಸಿಟ್ಟ ಚಹಾ ಕುಡಿದು, ಅವರ ಜೊತೆ ಅರ್ಧ ಗಂಟೆ ಕೂತು ಬರುತ್ತಿದ್ದ. ಕಿಟಕಿ ಇಲ್ಲದ ಕೋಣೆ, ಚಳಿಗೆ ಬಾಗಿಲೂ ಹಾಕಿರುತ್ತಿತ್ತು. ಚೇಂಬರಿನ ಹತ್ತಿರ ಕೈಗವಸು, ಕನ್ನಡಕ, ಎರಡೆರಡು ಮಾಸ್ಕು ಹಾಕುತ್ತಿದ್ದವನು ಚಹಾಕ್ಕೆಂದು ಅವನ್ನೆಲ್ಲ ತೆಗೆದಿಡುತ್ತಿದ್ದ. ಅದರ ಬಗ್ಗೆ ಅವನು ಎಂದೂ ಯೋಚಿಸಿದವನಲ್ಲ.

ಆ ವಾರವೇ ಒಂದು ಮಧ್ಯಾಹ್ನ ಬೇಗ ಮನೆಗೆ ಬಂದಾಗ, ಮಗ ಅಜ್ಜಿಯ ಮಂಚದ ಮೇಲೆ ಕೂತು ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಮುಲಾಮು ಹಚ್ಚುತ್ತಿದ್ದ. ಹೆಂಡತಿ ಬಾಗಿಲಿಗೆ ಒರಗಿ ನಿಂತು ನಗುತ್ತಿದ್ದಳು. ತಾನಿಲ್ಲದಾಗಲೆಲ್ಲ ಇದೇ ನಡೆಯುತ್ತಿತ್ತೆಂದು ಮೂವರ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಬಾಟಲಿಯಣ್ಣ ಆ ದಿನ ಆಡಬಾರದ್ದನ್ನೆಲ್ಲ ಆಡಿದ. ಅಜ್ಜಿಯನ್ನು ಕೊಂದೇ ತೀರುತ್ತೀಯಾ ಎಂದ. ಮಗ ಮುಲಾಮಿನ ಡಬ್ಬಿಯ ಮುಚ್ಚಳ ತಿರುಗಿಸಿ ಹಾಕಿ, ಕಿಟಕಿಯ ಮೇಲಿಟ್ಟು ಎದ್ದು ಹೋದ. ಮುದುಕಿ ಕಾಲು ಎಳೆದುಕೊಂಡಳು. "ಅವನು ಮುಟ್ಟಿದ್ರೆ ಸಾಯ್ತೀನಿ ಅಂತಾದ್ರೆ ಸಾಯ್ತೀನಿ ಬಿಡೋ. ಯಾರೂ ಮುಟ್ಟದೆ ಎಷ್ಟು ದಿನ ಬದುಕಲಿ?" ಎಂದಳು.

ಮರುದಿನ ಅವನು ತಂಗಿಗೆ ಫೋನ್ ಮಾಡಿದ. ಅವಳಿದ್ದದ್ದು ಆರು ಗಂಟೆ ದಾರಿಯ ಸಣ್ಣ ಊರು. ರಸ್ತೆ ಅಲ್ಲಿಗೇ ಮುಗಿಯುತ್ತಿತ್ತು. ದಿನಕ್ಕೊಂದೇ ಬಸ್ಸು, ಮಧ್ಯಾಹ್ನ ಬಂದು ರಾತ್ರಿ ಅಲ್ಲೇ ನಿಂತು ಬೆಳಿಗ್ಗೆ ಹಿಂತಿರುಗುವುದು. ಗಂಡ ಅಲ್ಲಿ ಬಕೆಟ್ಟು, ಕೊಡ, ಚಾಪೆಗಳ ಅಂಗಡಿ ಇಟ್ಟಿದ್ದ. ಹದಿನಾರರ ಮಗಳು ಶಾಲೆಗೆ ಹೋಗುತ್ತಿದ್ದಳು. ತಾಯಿಯನ್ನು ನಾಲ್ಕು ತಿಂಗಳಾದರೂ ತನ್ನ ಹತ್ತಿರ ಇರಿಸಿಕೊಳ್ಳಬೇಕೆಂದು ತಂಗಿ ಹತ್ತು ವರ್ಷದಿಂದ ಕೇಳುತ್ತಿದ್ದಳು. ಈಗ ಅಣ್ಣನೇ ಕೇಳಿದಾಗ ಅವಳಿಗೆ ನಂಬಲಾಗಲಿಲ್ಲ. ನಾಳೆಯೇ ಕರೆದುಕೊಂಡು ಬಾ, ಕೋಣೆ ಗುಡಿಸಿ ಇಟ್ಟಿರುತ್ತೇನೆ ಎಂದಳು.

ಈ ಯೋಜನೆ ಹೆಂಡತಿಗೆ ಸರಿಬರಲಿಲ್ಲ. ಕತ್ತರಿ ಕೆಳಗಿಟ್ಟು, "ಬಸ್ಸಲ್ಲಿ ಬಂದಿದೆ ಅಂತೀರಿ, ಬಸ್ಸಲ್ಲೇ ಕರ್ಕೊಂಡು ಹೋಗ್ತೀನಿ ಅಂತೀರಿ. ಏನ್ರೀ ಇದು?" ಎಂದಳು. ಮಗ ತಾನಾಗಿ ಬಂದು, ಗೆಳೆಯನ ಕಾರು ಕೇಳಿದ್ದೇನೆ, ನಾನೇ ಬಿಟ್ಟುಬರುತ್ತೇನೆ ಎಂದ. ಗಾಜು ಮುಚ್ಚಿದ ಕಾರಿನಲ್ಲಿ ನಿನ್ನ ಜೊತೆ ಆರು ಗಂಟೆ ಕೂರಿಸುವುದಕ್ಕಿಂತ ಬಸ್ಸೇ ವಾಸಿ ಎಂದು ಬಾಟಲಿಯಣ್ಣ ಒಂದೇ ಮಾತಿನಲ್ಲಿ ಮುಗಿಸಿದ.

ಶುಕ್ರವಾರ ಬೆಳಿಗ್ಗೆ ತಾಯಿಯನ್ನು ಕಿಟಕಿ ಪಕ್ಕ ಕೂರಿಸಿ, ಅವಳ ಮಾಸ್ಕು ಸರಿಮಾಡಿ, ತಾನು ಪಕ್ಕದಲ್ಲಿ ಕೂತ. ಗಂಟಲು ಸ್ವಲ್ಪ ಕೆರೆಯುತ್ತಿತ್ತು. ಹಿಂದಿನ ದಿನ ಆಸ್ಪತ್ರೆಯ ಚೇಂಬರಿಗೆ ಬ್ಲೀಚಿಂಗ್ ಪುಡಿ ಸುರಿದಿದ್ದರು, ಅದರ ಘಾಟು ಎಂದುಕೊಂಡ. ದಾರಿಯಲ್ಲಿ ತಾಯಿಗೆ ನಿದ್ದೆ ಬಂದು ಅವನ ಹೆಗಲಿಗೆ ತಲೆ ಇಟ್ಟು ಮಲಗಿದಳು. ಮದುವೆಯಾದ ಮೇಲೆ ತಾಯಿ ಅವನ ಇಷ್ಟು ಹತ್ತಿರ ಇದ್ದದ್ದೇ ನೆನಪಿರಲಿಲ್ಲ. ಅವನೂ ಕದಲದೆ ಕೂತ.

ತಂಗಿ ನಿಲ್ದಾಣಕ್ಕೇ ಬಂದಿದ್ದಳು. ಮನೆಯಲ್ಲಿ ಬಿಸಿ ಗಂಜಿ, ಬೇಯಿಸಿದ ಮೊಟ್ಟೆ, ತಾಯಿಗೆಂದು ಮೆತ್ತಗೆ ಬೇಯಿಸಿದ ತರಕಾರಿ. ಒಂದೇ ಮೇಜಿನ ಸುತ್ತ ಐದು ಜನ ಒತ್ತಿ ಕೂತು ಉಂಡರು. ತಂಗಿ ಹಳೆಯ ಕತೆಗಳನ್ನೆಲ್ಲ ಕೆದಕಿದಳು. ಚಿಕ್ಕವನಿದ್ದಾಗ ಅಣ್ಣ ಅವಳ ಪಾಲಿನ ಬೆಲ್ಲ ಕದ್ದು ತಿಂದು, ಇರುವೆ ತಿಂದವು ಎಂದು ಅತ್ತದ್ದು. ಗಿರಣಿಯ ಸೈರನ್ ಕೇಳಿದೊಡನೆ ಇಬ್ಬರೂ ಬಾಗಿಲಿಗೆ ಓಡುತ್ತಿದ್ದದ್ದು. ಅವಳ ಗಂಡ, ಹೆಚ್ಚು ಮಾತಾಡದ ಮನುಷ್ಯ, ಅತ್ತೆಯ ಮಂಚದ ಕಾಲಿಗೆ ಚಕ್ಕೆ ಕೊಟ್ಟು ಅಲುಗಾಡದ ಹಾಗೆ ಮಾಡಿದ. ಬೆಳಿಗ್ಗೆ ಹೊರಡುವಾಗ ತಂಗಿ ಅಣ್ಣನ ಎರಡೂ ಕೈ ಹಿಡಿದು, "ಅಮ್ಮನ್ನ ಬೇಗ ವಾಪಸ್ ಕೇಳಬೇಡ ಅಣ್ಣ. ಇದೊಂದು ಸಲ ನನ್ನ ಹತ್ರ ಬಿಡು" ಎಂದಳು.

ಭಾನುವಾರ ಅವನಿಗೆ ಜ್ವರ ಬಂತು. ಸೋಮವಾರ ಲ್ಯಾಬಿನಲ್ಲಿ ಮೂಗಿನ ಪರೀಕ್ಷೆ ಮಾಡಿದರು. ಹೊಸ ತಳಿ. ಮೇಡಂ ಹಠ ಹಿಡಿದು ಹೆಂಡತಿ, ಮಗ ಇಬ್ಬರನ್ನೂ ಪರೀಕ್ಷಿಸಿದರು. ಇಬ್ಬರಿಗೂ ಇರಲಿಲ್ಲ. ಯಾರ ಜೊತೆ ಕೂತಿದ್ದಿರಿ, ಎಲ್ಲಿ ಉಂಡಿರಿ, ಎಲ್ಲಿ ಕುಡಿದಿರಿ ಎಂದು ಅವರು ಒಂದೊಂದಾಗಿ ಕೇಳಿದಾಗ, ಸಿಬ್ಬಂದಿ ಕೋಣೆಯ ಚಹಾದ ಮಾತು ಬಾಯಿಗೆ ಬಂದೊಡನೆ ಅವನು ಅಲ್ಲೇ ನಿಂತುಬಿಟ್ಟ, ತಂಗಿಯ ಊರಿಗೆ ಹೋಗಿಬಂದ ಮಾತಿನವರೆಗೆ ಹೋಗಲೇ ಇಲ್ಲ. ಬಸ್ಸು ತೊಳೆಯುವ ನಾಲ್ಕು ಹೆಂಗಸರಲ್ಲಿ ಮೂವರು ಆ ವಾರ ಹಾಸಿಗೆ ಹಿಡಿದಿದ್ದರು.

ಮಗ ಆ ಸಂಜೆ ಬಟ್ಟೆ ಚೀಲಕ್ಕೆ ತುಂಬಿಕೊಂಡ. ಡ್ರೈವರುಗಳು ಸೇರಿ ಹಿಡಿದಿದ್ದ ಒಂದು ಕೋಣೆಯಲ್ಲಿ ಜಾಗವಿತ್ತು. ತಂದೆ ಮಲಗಿದ್ದ ಕೋಣೆಯ ಹೊರಗೆ ನಿಂತು, "ನನ್ನಿಂದ ಅಲ್ಲ ಅಂತ ಗೊತ್ತಾಯ್ತಲ್ಲ ಅಪ್ಪ. ಒಂದು ಮಾತು ಹೇಳ್ತೀಯೇನೋ ಅಂತ ಕಾದೆ" ಎಂದ. ಏನು ಹೇಳಬೇಕೆಂದು ಬಾಟಲಿಯಣ್ಣನಿಗೆ ಗೊತ್ತಿತ್ತು. ಹೇಳಿದರೆ ಮುಂದಿನ ಮಾತು ತಾಯಿಯದೇ ಆಗುತ್ತಿತ್ತು, ಅದಕ್ಕೆ ಅವನಿಗೆ ಧೈರ್ಯವಿರಲಿಲ್ಲ.

ಮೊದಲು ತಂಗಿಗೆ ತಿಳಿಸಿ ಎಂದು ಹೆಂಡತಿ ಬಾಗಿಲಾಚೆಯಿಂದ ದಿನಕ್ಕೆ ಹತ್ತು ಸಲ ಹೇಳಿದಳು. ಅವನು ಫೋನ್ ಹಿಡಿದು ಲೆಕ್ಕ ಹಾಕುತ್ತಿದ್ದ: ಹೇಳಿದರೆ ಅವರು ಹೆದರಿ ತಾಯಿಯನ್ನು ವಾಪಸ್ ಕಳಿಸುತ್ತಾರೆ, ಬಂದರೆ ಈ ಮನೆಯಲ್ಲಿ ನಾನೇ ಮಲಗಿದ್ದೇನೆ. ಹೇಳದೆಯೇ ಅವಳಿಗೆ ಏನೂ ಆಗದೆ ಇದ್ದರೆ? ಬುಧವಾರ ಕೊನೆಗೂ ಫೋನ್ ಮಾಡಿ, ಎಲ್ಲ ಆರಾಮಾ ಎಂದಷ್ಟೇ ಕೇಳಿದ.

"ಆರಾಮ ಅಣ್ಣ" ಎಂದಳು ತಂಗಿ.

"ಅಮ್ಮನಿಗೆ ಕೆಮ್ಮು ಗಿಮ್ಮು?"

"ಇಲ್ಲಪ್ಪ. ಅದೇ ಮಾಮೂಲಿ."

ಅವನು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ. ಹೆಂಡತಿಗೆ, ಎಲ್ಲ ಹೇಳಿದೆ, ಅಲ್ಲಿ ಚೆನ್ನಾಗಿದ್ದಾರೆ ಎಂದ. ಸುಳ್ಳೆಂದು ಅವಳಿಗೆ ಗೊತ್ತಾಯಿತೋ ಇಲ್ಲವೋ, ಯಂತ್ರದ ಮುಂದೆ ಕೂತು ಹೊಲಿಯತೊಡಗಿದಳು.

ಮತ್ತೆ ಒಂಬತ್ತು ದಿನಕ್ಕೆ ತಂಗಿಯ ಗಂಡ ಫೋನ್ ಮಾಡಿದ. ತಂಗಿಯನ್ನು ಮೂರು ಗಂಟೆ ದೂರದ ಆಸ್ಪತ್ರೆಗೆ ಸೇರಿಸಿದ್ದರು, ಆಮ್ಲಜನಕ ಹಾಕಿದ್ದರು. ಅವಳಿಗೆ ಮೊದಲೇ ಸಕ್ಕರೆ ಕಾಯಿಲೆ. ಐದು ದಿನ ಹಾಗೇ ಇದ್ದು, ಆರನೆಯ ದಿನ ಮಧ್ಯಾಹ್ನ ತೀರಿಕೊಂಡಳು. ನಲವತ್ತಾರು ವರ್ಷ. ಮುದುಕಿ ಚೆನ್ನಾಗಿಯೇ ಇದ್ದಳು.

ಹೆಣದ ಪಕ್ಕದಲ್ಲಿ ಕೂತ ತಂಗಿಯ ಗಂಡ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ. ಸರಕು ತರಲು ತಾನು ಸಗಟು ಪೇಟೆಗೆ ಹೋಗಿ ಬಂದ ವಾರವೇ ಅವಳಿಗೆ ಜ್ವರ ಶುರುವಾಯಿತಂತೆ. ಅಲ್ಲಿ ಜನ ಕಿಕ್ಕಿರಿದಿದ್ದರು, ಲಾರಿಯವರ ಜೊತೆ ಕೂತು ಉಂಡೆ, ನಾನೇ ರೋಗ ತಂದೆ ಎಂದು. ಭಾವನನ್ನು ಕಂಡದ್ದೇ ಅವನ ಎದೆಗೆ ತಲೆ ಇಟ್ಟು, "ನಿಮ್ಮ ತಂಗೀನ ನಾನೇ ಕೊಂದೆ ಭಾವ" ಎಂದು ಅತ್ತ. ಬಾಟಲಿಯಣ್ಣ ಅವನ ಬೆನ್ನ ಮೇಲೆ ಕೈ ಇಟ್ಟು ನಿಂತ. ಹುಡುಗಿ ಗೋಡೆಯ ಬದಿಯಲ್ಲಿ ಕೂತಿದ್ದಳು. ಅಪ್ಪ ಹತ್ತಿರ ಬಂದರೆ ಎದ್ದು ಬೇರೆ ಕಡೆ ಹೋಗುತ್ತಿದ್ದಳು. ಎರಡು ದಿನ ಬಿಟ್ಟು ಅವನು ತಾಯಿಯನ್ನು ಕರೆದುಕೊಂಡು ಅದೇ ಬಸ್ಸಿನಲ್ಲಿ ವಾಪಸಾದ.

ಎರಡು ವಾರದ ಮೇಲೆ ಲ್ಯಾಬ್ ಮೇಡಂ ಮತ್ತೆ ನಕ್ಷೆ ತೋರಿಸಿದರು. ಈ ಸಲ ಅವರ ದನಿಯಲ್ಲಿ ಉತ್ಸಾಹವಿತ್ತು. ರಸ್ತೆ ಮುಗಿಯುವ ಆ ಸಣ್ಣ ಊರಿನ ಮೇಲೆ ಒಂದು ಕೆಂಪು ಚುಕ್ಕೆ ಕೂತಿತ್ತು. ಅಲ್ಲಿನ ರೋಗಿಯೊಬ್ಬಳ ಮಾದರಿಯನ್ನು ಆಸ್ಪತ್ರೆಯವರು ಕಳಿಸಿದ್ದರು. ವೈರಸ್ಸಿನ ಜೀನಿನ ಅಕ್ಷರಗಳನ್ನು ಸಾಲಾಗಿ ಇಟ್ಟು ನೋಡಿದರೆ, ನಿಲ್ದಾಣದ ಬಾಟಲಿಯದಕ್ಕೂ ಬಾಟಲಿಯಣ್ಣನ ಮೂಗಿನದಕ್ಕೂ ಇದಕ್ಕೂ ಒಂದೇ ಒಂದು ಅಕ್ಷರದ ವ್ಯತ್ಯಾಸ. ಹತ್ತಿರದ ಸಗಟು ಪೇಟೆಯಲ್ಲಿ ಇನ್ನೂ ಹಳೆಯ ತಳಿಯೇ ಓಡಾಡುತ್ತಿದೆ, ಹಾಗಾಗಿ ಅಲ್ಲಿಂದ ಬಂದದ್ದಲ್ಲ, ಇಲ್ಲಿಂದಲೇ ಯಾರೋ ನೇರ ಒಯ್ದಿದ್ದಾರೆ ಎಂದರು.

"ನಲವತ್ತಾರು ವರ್ಷದ ಹೆಂಗಸಾ, ಮೇಡಂ?" ಎಂದು ಅವನು ಕೇಳಿದ.

"ಹೌದು. ನಿಮಗೆ ಹೇಗೆ ಗೊತ್ತು?"

"ನನ್ನ ತಂಗಿ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹೇಗಿದ್ದರೂ ಅದು ಆ ಊರಿಗೆ ಬಂದೇ ಬರುತ್ತಿತ್ತು, ಹೆಚ್ಚೆಂದರೆ ಎರಡು ಮೂರು ವಾರ ತಡವಾಗುತ್ತಿತ್ತು ಎಂದರು. ಅವರು ಹೇಳಿದ್ದು ನಿಜವೇ. ಅವನಿಗೆ ಮಾತ್ರ ಆ ಎರಡು ಮೂರು ವಾರವೇ ಕಣ್ಣ ಮುಂದೆ ಬಂತು: ತಂಗಿ ಬದುಕಿದ್ದು, ಪಾತ್ರೆ ತೊಳೆಯುತ್ತ, ಮಗಳ ಜಡೆ ಹೆಣೆಯುತ್ತ ಇರಬಹುದಾಗಿದ್ದ ಎರಡು ಮೂರು ವಾರ. ಆ ಹಾಳೆಯ ಒಂದು ಪ್ರತಿ ಕೊಡಿ ಎಂದು ಕೇಳಿದ. ಅವರು ಎರಡನೆಯ ಮಾತಿಲ್ಲದೆ ತೆಗೆದುಕೊಟ್ಟರು.

ಮನೆಗೆ ಬಂದವನು ತಾಯಿಯ ಮಂಚದ ಪಕ್ಕ ಕುರ್ಚಿ ಎಳೆದು ಕೂತ. ಹೆಂಡತಿ ಬಟ್ಟೆ ಕೊಡಲು ಹೋಗಿದ್ದಳು. ಅವನು ಎಲ್ಲವನ್ನೂ ಹೇಳಿದ: ಚಹಾ, ಗಂಟಲ ಕೆರೆತ, ಜ್ವರ, ಫೋನಿನಲ್ಲಿ ಮುಚ್ಚಿಟ್ಟದ್ದು. ಅಲ್ಲಿಗೆ ಹೋಗಿ ತಂಗಿಯ ಗಂಡನ ಕಾಲಿಗೆ ಬಿದ್ದು ನಿಜ ಹೇಳಿ ಬರುತ್ತೇನೆ, ಆ ಪಾಪದವನು ಮಾಡದ ತಪ್ಪನ್ನು ಹೊತ್ತುಕೊಂಡು ಕೂತಿದ್ದಾನೆ ಎಂದ. ಮುದುಕಿ ಕೇಳುತ್ತ ಕೇಳುತ್ತ ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

"ಅಲ್ಲಿಗೆ ಹೋದ ಮೂರನೇ ದಿನ ನನಗೆ ಜ್ವರ ಬಂದಿತ್ತು ಕಣೋ" ಎಂದಳು.

ಅವನಿಗೆ ಕೇಳಿಸಿತು, ಅರ್ಥವಾಗಲಿಲ್ಲ.

"ಸಣ್ಣದಾಗಿ. ನಾಲ್ಕು ದಿನ. ಅವಳು ನನ್ನ ಪಕ್ಕದಲ್ಲೇ ಮಲಗಿ ನೋಡ್ಕೊಂಡ್ಲು. ಅಣ್ಣನಿಗೆ ಹೇಳೋದು ಬೇಡ, ಹೇಳಿದ್ರೆ ಮರುದಿನವೇ ಬಂದು ಕರ್ಕೊಂಡು ಹೋಗ್ತಾನೆ ಅಂದ್ಲು. ನಾನೂ ಬೇಡ ಅಂದೆ. ಹತ್ತು ವರ್ಷದಿಂದ ಕೇಳಿತ್ತು ಮಗು. ನನಗೂ ಅಲ್ಲೇ ಇರೋಣ ಅನ್ನಿಸಿತ್ತು."

"ಅವಳ ಗಂಡನಿಗೆ?"

"ಅವನಿಗೂ ಗೊತ್ತಿಲ್ಲ. ಅಂಗಡಿಗೆ ಹೋದ್ಮೇಲೆ ಮಾತ್ರೆ ಕೊಡ್ತಿದ್ಲು." ಮುದುಕಿ ಮಗನ ಕಡೆ ತಿರುಗಿದಳು. "ನಿನ್ನದು ಏನು ಬೇಕಾದ್ರೂ ಹೇಳ್ಕೋ. ಇದನ್ನ ಮಾತ್ರ ಹೇಳಬೇಡ. ನನ್ನ ಉಳಿಸೋಕೆ ಹೋಗಿ ಹೋದ್ಲು ಅಂತ ಅವಳ ಮಗಳ ಮುಖಕ್ಕೆ ನಾನು ಹೇಗೆ ಮುಖ ಕೊಡಲಿ?"

ಆ ದಿನದಿಂದ ಮುದುಕಿ ಮಾತು ಕಡಿಮೆ ಮಾಡಿದಳು. ಮೊಣಕಾಲಿಗೆ ಮುಲಾಮು ಹಚ್ಚಲು ಸೊಸೆ ಬಂದರೂ ಬೇಡ ಎನ್ನುತ್ತಿದ್ದಳು. ಮೊಮ್ಮಗ ಒಮ್ಮೆ ಬಂದು ಹೊಸಿಲಾಚೆ ನಿಂತು ಮಾತಾಡಿಸಿದ. ಒಳಗೆ ಬಾ ಎಂದು ಅವಳೂ ಕರೆಯಲಿಲ್ಲ, ಅವನೂ ಬರಲಿಲ್ಲ.

ಮೇಡಂ ಆ ಸಣ್ಣ ಊರಿನ ಚರಂಡಿ ನೀರನ್ನೂ ನೋಡಬೇಕೆಂದಾಗ ಬಾಟಲಿಯಣ್ಣ ತಾನೇ ಹೋಗುತ್ತೇನೆ ಎಂದ. ಐಸ್ ಪೆಟ್ಟಿಗೆ ಹಿಡಿದು ಮಧ್ಯಾಹ್ನ ಇಳಿದಾಗ ಅಂಗಡಿಯ ಶಟರು ಅರ್ಧ ಎಳೆದಿತ್ತು. ಒಳಗೆ ತಂಗಿಯ ಗಂಡ ಬಕೆಟ್ಟುಗಳ ಗೋಪುರದ ನಡುವೆ ಸ್ಟೂಲಿನ ಮೇಲೆ ಕೂತಿದ್ದ. ಗಡ್ಡ ಬೆಳೆದಿತ್ತು. ಭಾವನಿಗೆ ಸ್ಟೂಲು ಬಿಟ್ಟುಕೊಟ್ಟು ತಾನು ಚಾಪೆಯ ಸುರುಳಿಯ ಮೇಲೆ ಕೂತ.

ಬಾಟಲಿಯಣ್ಣ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ತಾಯಿಯ ಜ್ವರದ ಮಾತೊಂದನ್ನು ಬಿಟ್ಟ. ಸಗಟು ಪೇಟೆಯಲ್ಲಿ ಆ ತಳಿ ಇರಲೇ ಇಲ್ಲ, ತಂದವನು ನಾನು ಎಂದು ಹಾಳೆಯನ್ನು ಮುಂದೆ ಹಿಡಿದ. ತಂಗಿಯ ಗಂಡ ಅದನ್ನು ಬೆಳಕಿಗೆ ಹಿಡಿದು ಮೇಲಿನಿಂದ ಕೆಳಗಿನವರೆಗೆ ನೋಡಿದ. ಬರೀ ಅಕ್ಷರ, ಅಂಕಿ.

"ಇದರಲ್ಲಿ ಅವಳ ಹೆಸರೇ ಇಲ್ವಲ್ಲ, ಭಾವ" ಎಂದ.

"ಹೆಸರು ಹಾಕಲ್ಲ. ಅದು ಅವಳದೇ."

ಅವನು ಹಾಳೆಯನ್ನು ಮಡಿಸಿ, ಭಾವನ ಜೇಬಿಗೆ ತಾನೇ ಇಟ್ಟ. "ನಿಮ್ಮದು ದೊಡ್ಡ ಮನಸ್ಸು. ನನ್ನ ಸಮಾಧಾನಕ್ಕೆ ಅಂತ ಇಷ್ಟು ದೂರ ಬಂದ್ರಿ. ನಿಮಗೆ ಬಂದಿದ್ರೆ ಅವತ್ತೇ ಹೇಳ್ತಿದ್ರಿ. ನೀವು ಅದೇ ಕೆಲಸದಲ್ಲಿರೋರು, ನಿಮಗೆ ತಿಳಿಯದೆ ಇರುತ್ತಾ? ಅಂಥ ವಿಷಯ ತಂಗಿಗೆ ಹೇಳದೆ ಇರ್ತೀರಾ?"

ಬಾಟಲಿಯಣ್ಣ ಎಷ್ಟು ಹೇಳಿದರೂ ಅವನು ತಲೆಯಾಡಿಸುತ್ತ, ಸಾಕು ಬಿಡಿ ಭಾವ ಎನ್ನುತ್ತಿದ್ದ.

ಮರುದಿನ ಬೆಳಿಗ್ಗೆ ಹುಡುಗಿ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಅವಳಿಗಾದರೂ ಹೇಳೋಣವೆಂದು ಹೋದ. ಅಪ್ಪನ ತಪ್ಪಿಲ್ಲಮ್ಮ, ಅವನ ಜೊತೆ ಮಾತು ಬಿಡಬೇಡ, ತಂದದ್ದು ನಾನು ಎಂದ. ಅವಳು ಕೈ ನಿಲ್ಲಿಸಲಿಲ್ಲ.

"ಯಾರು ತಂದ್ರೇನು ಮಾವ" ಎಂದಳು. "ಅಮ್ಮನಿಗೆ ಉಸಿರು ಹಿಡಿದಾಗ ಆಸ್ಪತ್ರೆಗೆ ಹೋಗೋಣ ಅಂತ ನಾನು ಬಡ್ಕೊಂಡೆ. ಅಪ್ಪ ನಾಳೆ ಬಸ್ಸಿಗೆ ಅಂದ್ರು. ಮಾರನೇ ದಿನ ಬಸ್ ಹೋಗೋವರೆಗೂ ಸುಮ್ಮನಿದ್ದು, ನಾಳೆ ನೋಡೋಣ ಅಂದ್ರು. ಹಾಗೇ ಮೂರು ದಿನ. ಅವರಿಗೂ ಅದು ಗೊತ್ತು."

ಅವನು ಅಲ್ಲಿ ನಿಂತು ಅವಳು ತೊಳೆದಿಟ್ಟ ಪಾತ್ರೆಗಳನ್ನು ನೋಡಿದ.

ಊರಿನಲ್ಲಿ ಚೇಂಬರುಗಳಿರಲಿಲ್ಲ, ನಿಲ್ದಾಣದ ಹಿಂದೆ ಒಂದು ತೆರೆದ ಚರಂಡಿ ಅಷ್ಟೆ. ಅವನು ಡಬ್ಬಿ ಇಳಿಬಿಡುವಾಗ ತಂಗಿಯ ಗಂಡ ಜೊತೆಗೆ ಬಂದು, ಕಾಲು ಜಾರೀತು ಎಂದು ಹಗ್ಗದ ತುದಿ ಹಿಡಿದುಕೊಂಡ. ಬಾಟಲಿ ತುಂಬಿ ಚೀಟಿ ಅಂಟಿಸಿದ ಮೇಲೆ ಪೆಟ್ಟಿಗೆಯನ್ನು ತಾನೇ ಹೊತ್ತು ಬಸ್ಸಿನವರೆಗೆ ತಂದ. ಸೀಟಿನ ಕೆಳಗೆ ಅಲುಗಾಡದ ಹಾಗೆ ಒತ್ತಿಟ್ಟ.

"ಅತ್ತೆನ ಚೆನ್ನಾಗಿ ನೋಡ್ಕೊಳ್ಳಿ" ಎಂದ. "ತಲುಪಿದ ಮೇಲೆ ಒಂದು ಫೋನ್ ಮಾಡಿ, ಭಾವ."

"ಮಾಡ್ತೀನಿ" ಎಂದ ಬಾಟಲಿಯಣ್ಣ.

ಬಸ್ಸು ಹೊರಟಿತು. ಹಿಂದಿನ ಗಾಜಿನಲ್ಲಿ ಅವನು ತಿರುಗಿ ನೋಡಿದ. ತಂಗಿಯ ಗಂಡ ಅಂಗಡಿಯ ಕಡೆ ಹೋಗಲಿಲ್ಲ, ಮನೆಯ ಕಡೆಯೂ ಹೋಗಲಿಲ್ಲ. ಖಾಲಿಯಾದ ನಿಲ್ದಾಣದ ಕಲ್ಲುಬೆಂಚಿನ ಮೇಲೆ, ನಾಳಿನ ಬಸ್ಸಿಗೆ ಈಗಲೇ ಬಂದವನ ಹಾಗೆ, ಕೈ ಕಟ್ಟಿಕೊಂಡು ಕೂತ.